ಮೌಸ್ ಕಳಚಿಡಿ, ಆಮೇಲೆ ಪಾಠ ಸಿದ್ಧಪಡಿಸಿ

ಒಂದೇ ಕಂಪ್ಯೂಟರ್ ಲ್ಯಾಬಿನಲ್ಲಿ ಕಣ್ಣು ಕಾಣದವರು, ಕೈ ನಡುಗುವವರು, ಕಿವಿ ಕೇಳದವರು, ಓದುವಾಗ ಅಕ್ಷರಗಳು ತಡವರಿಸುವವರು ಒಟ್ಟಿಗೆ ಕುಳಿತಿರಬಹುದು. ಅಷ್ಟೂ ಜನಕ್ಕೆ ಬೇರೆ ಬೇರೆ ಪಾಠ ಬರೆಯಲು ಹೋದರೆ ಶಿಕ್ಷಕರು ವಾರದಲ್ಲೇ ಸೋತುಹೋಗುತ್ತಾರೆ. ಪಾಠ ಒಂದೇ ಇರಲಿ. ಅದನ್ನು ಮಾಡಿ ಮುಗಿಸುವ ದಾರಿಗಳು ಮಾತ್ರ ಒಂದಕ್ಕಿಂತ ಹೆಚ್ಚಿರಲಿ.

ಹಿಂದಿನ ದಿನವೇ ಮೌಸ್ ಕಳಚಿ, ನಾಳೆ ಮಕ್ಕಳಿಗೆ ಕೊಡುವ ಅಭ್ಯಾಸವನ್ನು ಟ್ಯಾಬ್, ಆಲ್ಟ್, ಎಂಟರ್ ಮತ್ತು ಬಾಣದ ಕೀಲಿಗಳಿಂದಲೇ ಮಾಡಿ ನೋಡಿ. ನೀವು ಎಲ್ಲಿ ಸಿಕ್ಕಿಬೀಳುತ್ತೀರೋ ಕೆಲವು ಮಕ್ಕಳ ಪಾಠ ಅಲ್ಲಿಗೇ ನಿಂತುಹೋಗುತ್ತದೆ. ಆ ಹೆಜ್ಜೆಯನ್ನು ಬದಲಿಸಿ, ಇಲ್ಲವೇ ಅದಕ್ಕೆ ಶಾರ್ಟ್‌ಕಟ್ ಹುಡುಕಿ ಬರೆದಿಟ್ಟುಕೊಳ್ಳಿ.

ಯಂತ್ರವನ್ನು ಹೊಂದಿಸುವುದು

ವಿಂಡೋಸ್‌ನಲ್ಲಿ ಬೇಕಾದ ಬಹಳಷ್ಟು ಸೌಲಭ್ಯ ಮೊದಲೇ ಇದೆ. ವಿಂಡೋಸ್ ಕೀಲಿಯ ಜೊತೆ ಪ್ಲಸ್ ಒತ್ತಿದರೆ ತೆರೆ ಹಿಗ್ಗುತ್ತದೆ, ವಿಂಡೋಸ್ ಕೀಲಿಯ ಜೊತೆ ಎಸ್ಕೇಪ್ ಒತ್ತಿದರೆ ಮೊದಲಿನಂತಾಗುತ್ತದೆ. ಒಂದೇ ಕೈಯಲ್ಲಿ ಟೈಪ್ ಮಾಡುವವರು ಶಿಫ್ಟ್ ಅನ್ನು 5 ಸಲ ಒತ್ತಿ ಸ್ಟಿಕಿ ಕೀಸ್ ಶುರು ಮಾಡಿಕೊಳ್ಳಬಹುದು. ಆಮೇಲೆ ಕಂಟ್ರೋಲ್ ಮತ್ತು ಎಸ್ ಅನ್ನು ಒಟ್ಟಿಗೆ ಹಿಡಿಯಬೇಕಿಲ್ಲ, ಒಂದಾದ ಮೇಲೊಂದು ಒತ್ತಿದರೆ ಸಾಕು.

ಕೈ ನಡುಗಿದರೆ ಒಂದು ಅಕ್ಷರ ಮೂರು ಸಲ ಬೀಳುತ್ತದೆ. ಬಲಗಡೆಯ ಶಿಫ್ಟ್ ಅನ್ನು 8 ಸೆಕೆಂಡು ಒತ್ತಿಹಿಡಿದು ಫಿಲ್ಟರ್ ಕೀಸ್ ಆನ್ ಮಾಡಿದರೆ ಇಂಥ ಆಕಸ್ಮಿಕ ಒತ್ತುಗಳನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಯುವ ಅವಧಿಯನ್ನು ಅತಿ ಕಡಿಮೆಯಿಂದ ಶುರು ಮಾಡಿ, ಬೇಕಾದಷ್ಟೇ ಏರಿಸಿ. ಹೆಚ್ಚಾದರೆ ಸರಿಯಾಗಿ ಒತ್ತಿದ ಅಕ್ಷರವೂ ಮೂಡದೆ ಮಗು ಕಂಗಾಲಾಗುತ್ತದೆ. ಬೇರೊಬ್ಬರ ಯಂತ್ರದಲ್ಲಿ ಇದು ಗೊತ್ತಿಲ್ಲದೆ ಆನ್ ಆಗುವುದೂ ಉಂಟು, ಹಾಗಾಗಿ ‘ಕೀಬೋರ್ಡ್ ಕೆಟ್ಟಿದೆ’ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

ಈ ಬದಲಾವಣೆಗಳನ್ನು ಆ ವಿದ್ಯಾರ್ಥಿಯ ಸ್ವಂತ ಲಾಗಿನ್‌ನಲ್ಲೇ ಮಾಡಿಡಿ. ಎಲ್ಲರೂ ಒಂದೇ ಲಾಗಿನ್ ಬಳಸುವ ಕಡೆ ಪ್ರತಿ ತರಗತಿಯ ಮೊದಲ ಹತ್ತು ನಿಮಿಷ ಹೊಂದಿಸುವುದರಲ್ಲೇ ಹೋಗುತ್ತದೆ, ಆ ನಷ್ಟ ಯಾವಾಗಲೂ ಅದೇ ಮಗುವಿನದು.

ಕಿವಿಯಿಂದ ಕಲಿಯುವವರಿಗೆ

ಎನ್‌ವಿಡಿಎ ಉಚಿತ ಸ್ಕ್ರೀನ್ ರೀಡರ್, ಅಂದರೆ ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಅದು ಕನ್ನಡವನ್ನೂ ಓದುತ್ತದೆ. ಸೆಟ್ಟಿಂಗ್‌ಗಳ ಸಮೇತ ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಯಾವ ಯಂತ್ರದ ಮುಂದೆ ಬೇಕಾದರೂ ಕೂರಬಹುದು. ಇಯರ್‌ಫೋನ್ ಒಂದೇ ಕಿವಿಗಿರಲಿ, ಇನ್ನೊಂದು ಕಿವಿ ನಿಮ್ಮ ಮಾತಿಗೆ ಬೇಕು. ಮೊದಲ ದಿನ ಇನ್ಸರ್ಟ್ ಜೊತೆ 1 ಒತ್ತಿಸಿ. ಆಗ ಯಾವ ಕೀಲಿ ಮುಟ್ಟಿದರೂ ಅದರ ಹೆಸರು ಕೇಳಿಸುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ. ಏನಾದರೂ ಅಳಿಸಿಹೋದೀತೆಂಬ ಭಯವಿಲ್ಲದೆ, ಎಫ್ ಮತ್ತು ಜೆ ಮೇಲಿನ ಉಬ್ಬುಗೆರೆಯಿಂದ ಹಿಡಿದು ಇಡೀ ಕೀಬೋರ್ಡನ್ನು ಬೆರಳಿಗೆ ಪರಿಚಯ ಮಾಡಿಸಬಹುದು. ಮಾತು ಸಾಕೆನಿಸಿದರೆ ಕಂಟ್ರೋಲ್ ಒತ್ತಬೇಕೆಂಬುದನ್ನೂ ಅಂದೇ ಹೇಳಿಕೊಡಿ.

ಅಭ್ಯಾಸದ ಹಾಳೆ ಯೂನಿಕೋಡ್‌ನಲ್ಲೇ ಇರಬೇಕು. ಹಳೆಯ ಫಾಂಟ್‌ನಲ್ಲಿ ಟೈಪಿಸಿದ ಕನ್ನಡವನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಸ್ಕ್ಯಾನ್ ಮಾಡಿದ ಪುಟ ಬರೀ ಚಿತ್ರ, ಅದರಲ್ಲಿ ಓದಲು ಏನೂ ಸಿಗದು.

ಕೋಡಿಂಗ್‌ನಲ್ಲಿ ದೊಡ್ಡ ತೊಡಕು ಎಳೆದು ಜೋಡಿಸುವ ಬ್ಲಾಕ್‌ಗಳದು. ಸ್ಕ್ರ್ಯಾಚ್‌ನಂಥವು ಕಣ್ಣು ಮತ್ತು ಮೌಸ್ ಎರಡನ್ನೂ ಬೇಡುತ್ತವೆ. ಅಂಥ ಕಡೆ ಪೈಥಾನ್‌ನಂಥ, ಟೈಪ್ ಮಾಡಿ ಬರೆಯುವ ಕೋಡಿಂಗ್ ಭಾಷೆಯೇ ಲೇಸು. ಪೈಥಾನ್‌ನಲ್ಲಿ ಸಾಲಿನ ಮೊದಲ ಖಾಲಿ ಜಾಗಕ್ಕೂ ಅರ್ಥವಿದೆ, ಅದು ಕಿವಿಗೆ ಕೇಳಿಸದು. ಎನ್‌ವಿಡಿಎಯ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಸೆಟ್ಟಿಂಗ್‌ನಲ್ಲಿ ಸಾಲಿನ ಇಂಡೆಂಟೇಶನ್ (ಈ ಖಾಲಿ ಜಾಗದ ಅಳತೆ) ತಿಳಿಸುವ ಆಯ್ಕೆ ಇದೆ. ಮಾತು ಬೇಡವೆಂದರೆ ಸ್ವರ ಆರಿಸಿಕೊಳ್ಳಿ: ಸಾಲು ಒಳಗೆ ಸರಿದಷ್ಟೂ ಸ್ವರ ಏರುತ್ತದೆ, ಅಭ್ಯಾಸವಾದ ಮೇಲೆ ಇದು ಮಾತಿಗಿಂತ ಚುರುಕು. ತರಗತಿಯವರೆಲ್ಲ 4 ಸ್ಪೇಸ್ ಬಿಡುವ ರೂಢಿ ಮಾಡಿಕೊಳ್ಳಲಿ, ಟ್ಯಾಬ್ ಬೆರೆಸಿದರೆ ಪೈಥಾನ್ ದೋಷ ತೋರಿಸುತ್ತದೆ. ಅಷ್ಟಾಗಿಯೂ ಕಷ್ಟವಾದರೆ ಕ್ವೋರಮ್ ಭಾಷೆ ಇದೆ, ಅಲ್ಲಿ ಪ್ರತಿ ಭಾಗ ‘ಎಂಡ್’ ಎಂಬ ಪದದಿಂದ ಮುಗಿಯುವುದರಿಂದ ಖಾಲಿ ಜಾಗ ಎಣಿಸಬೇಕಿಲ್ಲ.

ಪಾಠ ನಡೆಯುವಾಗ

‘ಇಲ್ಲಿ ಕ್ಲಿಕ್ ಮಾಡಿ’ ಎನ್ನುವ ಮಾತು ಬಿಟ್ಟುಬಿಡಿ. ‘ಫೈಲ್ ಮೆನುವಿನಲ್ಲಿ ಸೇವ್, ಅಥವಾ ಕಂಟ್ರೋಲ್ ಎಸ್’ ಎನ್ನಿ. ಕಿವಿ ಕೇಳದ ವಿದ್ಯಾರ್ಥಿ ನಿಮ್ಮ ತುಟಿ ಅಥವಾ ಸನ್ನೆ ಭಾಷೆ ನೋಡುತ್ತಿರುವಾಗ ತೆರೆಯನ್ನೂ ನೋಡಲಾರ. ಮೊದಲು ಹೇಳಿ, ನಿಲ್ಲಿಸಿ, ಮೌನವಾಗಿ ಮಾಡಿ ತೋರಿಸಿ, ಆಮೇಲೆ ಅವರು ಮಾಡಲಿ.

ಓದು ಕಷ್ಟವಾದವರಿಗೆ ಖಾಲಿ ಪುಟ ಕೊಡಬೇಡಿ. ಸರಿಯಾದ ಕೋಡಿನ 6ರಿಂದ 8 ಸಾಲುಗಳನ್ನು ಕಲಸಿ ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿ. ಕಾಗುಣಿತದ ಭಾರವಿಲ್ಲದೆ ತರ್ಕ ಬೆಳೆಯುತ್ತದೆ. ಅದು ಸುಲಭವಾದ ಮೇಲೆ ಬೇಡದ ಎರಡು ಸಾಲು ಸೇರಿಸಿ. ಗಮನ ಬೇಗ ಚದುರುವವರಿಗೆ ಒಂದು ಸಾಲಿಗೆ ಒಂದೇ ಸೂಚನೆ ಬರೆದು ಪಕ್ಕದಲ್ಲಿಡಿ.

ಯಾರಾದರೂ ಸಿಕ್ಕಿಬಿದ್ದಾಗ ಅವರ ಮೌಸ್ ಹಿಡಿಯಬೇಡಿ. ಮುಂದಿನ ಕೀಲಿ ಯಾವುದೆಂದು ಬಾಯಲ್ಲಿ ಹೇಳಿ, ಒತ್ತುವುದು ಅವರ ಬೆರಳೇ ಆಗಿರಲಿ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಫ್ಲೋಚಾರ್ಟ್ (ಹೆಜ್ಜೆಗಳನ್ನು ಬಾಣಗಳಿಂದ ಜೋಡಿಸಿ ತೋರಿಸುವ ಚಿತ್ರ) ನೋಡಿ ಉತ್ತರಿಸುವ ಪ್ರಶ್ನೆ ಕಣ್ಣು ಕಾಣದವರಿಗೆ ಮೂರು ತಾಸು ಕೊಟ್ಟರೂ ಬಿಡಿಸಲಾಗದು. ಅದೇ ಪ್ರಶ್ನೆಯನ್ನು ಸಂಖ್ಯೆ ಹಾಕಿದ ಹೆಜ್ಜೆಗಳಾಗಿ, ‘ಹೌದಾದರೆ 5ಕ್ಕೆ, ಅಲ್ಲವಾದರೆ 7ಕ್ಕೆ ಹೋಗಿ’ ಎಂಬಂತೆ ಬರೆದು ಕೊಡಿ.