ತಂಗಿಯ ಗಂಡ ಜೈಲಿನಲ್ಲಿದ್ದಾಗ ಅವಳ ಮಗಳಿಗೆ ನಾನು ಗಾರ್ಡಿಯನ್ ಆದದ್ದು

ಹೆಂಡತಿಯ ಸಾವಿನ ಕೇಸಿನಲ್ಲಿ ಗಂಡ ಜೈಲಿಗೆ ಹೋದರೆ ಮಗುವಿನ ಮೇಲೆ ಅವನಿಗಿರುವ ಹಕ್ಕು ತಾನಾಗಿ ಹೋಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಹೋಗುವುದಿಲ್ಲ. ಹಿಂದೂಗಳಿಗೆ ಅನ್ವಯಿಸುವ 1956ರ ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ಓದಿದರೆ ನಗು ಬರುತ್ತದೆ. ಅಪ್ಪ ಸನ್ಯಾಸಿಯಾದರೆ ಮಗುವಿನ ಗಾರ್ಡಿಯನ್ ಆಗಿರುವ ಹಕ್ಕು ಹೋಗುತ್ತದೆ. ಹಿಂದೂ ಆಗಿ ಉಳಿಯದಿದ್ದರೂ ಹೋಗುತ್ತದೆ. ಜೈಲಿಗೆ ಹೋದರೆ ಹೋಗುತ್ತದೆ ಅಂತ ಅಲ್ಲಿ ಎಲ್ಲೂ ಬರೆದಿಲ್ಲ.

ನಾನು ಹಾವೇರಿ ಜಿಲ್ಲೆಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ತಂಗಿ ತೀರಿಕೊಂಡಾಗ ಅವಳ ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ವರದಕ್ಷಿಣೆ ಸಾವು ಅಂತ ಆಗಿನ ಐಪಿಸಿಯ (ಭಾರತೀಯ ದಂಡ ಸಂಹಿತೆ) 304ಬಿ ಸೆಕ್ಷನ್‌ನಡಿ ಅವಳ ಗಂಡನ ಮೇಲೆ ಕೇಸಾಯಿತು. ಅಂದಿನಿಂದ ಮಗು ನಮ್ಮ ಮನೆಯಲ್ಲೇ ಇದೆ. ಮೊದಲು ಯಾರೂ ಏನೂ ಕೇಳಲಿಲ್ಲ. ಬ್ಯಾಂಕಿನಲ್ಲಿ ಅವಳ ಹೆಸರಲ್ಲಿ ಖಾತೆ ತೆರೆಯಲು ಹೋದಾಗ ತೊಡಕು ಶುರುವಾಯಿತು. ಅಪ್ಪ ಇಲ್ಲವೇ ಅಮ್ಮ ಬರಬೇಕು, ಇಲ್ಲದಿದ್ದರೆ ಕೋರ್ಟ್ ನೇಮಿಸಿದ ಗಾರ್ಡಿಯನ್ ಬೇಕು ಅಂದರು. ಅಷ್ಟರಲ್ಲಿ ತಂಗಿಯ ಗಂಡನ ತಂದೆ ಊರಿನ ಹಿರಿಯರನ್ನು ಕರೆದುಕೊಂಡು ಬಂದರು. 'ನಮ್ಮ ಮನೆತನದ ಕೂಸು, ಇವತ್ತಲ್ಲ ನಾಳೆ ಮಗ ಹೊರಗೆ ಬರ್ತಾನೆ, ಕೊಟ್ಟುಬಿಡಿ' ಅಂದರು. ಅವತ್ತೇ ನಾನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುವುದು ಅಂತ ತೀರ್ಮಾನಿಸಿದೆ. ಹೆಂಗಸರಿಗೆ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ, ಆದಾಯ ಎಷ್ಟಿದ್ದರೂ ಸರಿ. ಒಂದು ವಿಷಯ ತಿಳಿದಿರಲಿ. ಜೈಲಿನಲ್ಲಿರುವವರಿಗೂ ಅದೇ ಕಾನೂನಿನಡಿ ಪುಕ್ಕಟೆ ವಕೀಲರು ಸಿಗುತ್ತಾರೆ. ಅವನಿಗೂ ಸಿಕ್ಕರು.

ಎಲ್ಲರೂ ಹೇಳಿದ್ದು ಒಂದೇ: 'ದತ್ತು ತಗೊಂಡ್ಬಿಡು, ಅವನ ಕಥೆ ಮುಗಿಯುತ್ತೆ.' ಅದು ಅಷ್ಟು ಸುಲಭವಲ್ಲ. ತಾಯಿ ಇಲ್ಲದ ಮಗುವನ್ನು ದತ್ತು ಕೊಡುವ ಹಕ್ಕು ತಂದೆಯದು. ಅವನು ಜೈಲಿನಲ್ಲಿದ್ದಾನೆ ಅನ್ನುವುದು ಅದನ್ನು ಕಿತ್ತುಕೊಳ್ಳಲು ಕಾರಣವಾಗುವುದಿಲ್ಲ. ಸಾಲದ್ದಕ್ಕೆ ಹಿಂದೂ ದತ್ತಕ ಕಾಯ್ದೆಯಲ್ಲಿ ಮನೆಯಲ್ಲಿ ಹೆಣ್ಣುಮಗು ಇದ್ದರೆ ಇನ್ನೊಂದು ಹೆಣ್ಣುಮಗುವನ್ನು ದತ್ತು ತಗೊಳ್ಳುವ ಹಾಗಿಲ್ಲ. ನನಗೆ ಆಗಲೇ ಮಗಳಿದ್ದಾಳೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಸಂಬಂಧಿಕರು ದತ್ತು ತಗೊಳ್ಳಬಹುದು, ಆದರೆ ಅಲ್ಲೂ ಹೆತ್ತವರ ಒಪ್ಪಿಗೆ ಬೇಕು. ಅವನು ಒಪ್ಪುವ ಪೈಕಿ ಅಲ್ಲ.

ಹಾಗಾಗಿ ಉಳಿದದ್ದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಬ್ರಿಟಿಷರ ಕಾಲದ್ದು, ಈಗಲೂ ಅದೇ ನಡೆಯುತ್ತಿದೆ. ಮಗು ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬೇಕು. ಇದರಿಂದ ಅವನ ಊರಿಗೆ ಅಲೆಯುವುದು ತಪ್ಪಿತು. ಫ್ಯಾಮಿಲಿ ಕೋರ್ಟ್ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ.

ಈ ಕಾಯ್ದೆಯ 19ನೇ ಸೆಕ್ಷನ್ ನಮ್ಮಂಥವರಿಗೆ ದೊಡ್ಡ ಅಡ್ಡಗೋಡೆ. ತಂದೆ ಬದುಕಿದ್ದಾನೆ, ಅವನು ಅನರ್ಹ ಅಂತ ಕೋರ್ಟಿಗೆ ಅನ್ನಿಸಿಲ್ಲ ಅಂದರೆ ಬೇರೆ ಯಾರನ್ನೂ ಗಾರ್ಡಿಯನ್ ಮಾಡುವ ಹಾಗಿಲ್ಲ. ಹಾಗಾಗಿ ಅರ್ಜಿಯಲ್ಲಿ 'ನನ್ನನ್ನು ಗಾರ್ಡಿಯನ್ ಮಾಡಿ' ಅಂತ ಮಾತ್ರ ಕೇಳಿದರೆ ಸಾಲದು. 'ತಂದೆ ಅನರ್ಹ ಅಂತ ತೀರ್ಮಾನಿಸಿ' ಅಂತಲೂ ಕೇಳಬೇಕು. ಇದಕ್ಕೆ ಇನ್ನೊಂದು ಕಾರಣ 41ನೇ ಸೆಕ್ಷನ್‌ನಲ್ಲಿದೆ. ತಂದೆ ಅನರ್ಹ ಅಂತ ಕೋರ್ಟೇ ಬರೆದಿದ್ದರೆ, ಅವನು ಈಗ ಅರ್ಹನಾಗಿದ್ದಾನೆ ಅಂತ ಮತ್ತೆ ಕೋರ್ಟಿಗೇ ಅನ್ನಿಸುವ ತನಕ ಆ ಕಾರಣಕ್ಕೆ ಗಾರ್ಡಿಯನ್‌ನ ಅಧಿಕಾರ ಹೋಗುವುದಿಲ್ಲ. 304ಬಿ ಕೇಸಿನಲ್ಲಿ ಕನಿಷ್ಠ ಶಿಕ್ಷೆ 7 ವರ್ಷ. ಅಂದರೆ ಮಗುವಿಗೆ 18 ತುಂಬುವ ಮೊದಲೇ ಅವನು ಹೊರಗೆ ಬರಬಹುದು. ಬಿಡುಗಡೆಯಾದ ಮಾರನೇ ದಿನ ಶಾಲೆಯ ಗೇಟಿಗೆ ಬಂದು 'ನಾನು ಅಪ್ಪ' ಅಂದರೆ? ಆಗ ಕೈಯಲ್ಲಿ ಆ ಒಂದು ಸಾಲು ಇರಬೇಕು. ನಿಮ್ಮ ವಕೀಲರು ಕರಡು ತೋರಿಸಿದಾಗ ಮೊದಲು ಆ ಸಾಲು ಇದೆಯಾ ನೋಡಿ.

ಅರ್ಜಿ ಹಾಕಿದಾಗ ಅವನು ವಿಚಾರಣಾಧೀನ ಕೈದಿ, ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. 'ತೀರ್ಪು ಬರಲಿ, ಆಮೇಲೆ ಹಾಕೋಣ' ಅಂತ ಮನೆಯವರ ಸಲಹೆ. ನಮ್ಮ ವಕೀಲರು ಕಾಯಬೇಕಾಗಿಲ್ಲ ಅಂದರು. 2008ರ ನೀಲ್ ರತನ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೆಂಡತಿಯ ಸಾವಿನ ಕೇಸು ಎದುರಿಸುತ್ತಿದ್ದ ತಂದೆಗೆ ಮಗನನ್ನು ಕೊಡದೆ ತಾಯಿಯ ಅಪ್ಪ-ಅಮ್ಮನ ಹತ್ತಿರವೇ ಬಿಟ್ಟಿತ್ತು. ಕೇಸು ಬಾಕಿ ಇದೆ ಅನ್ನುವುದನ್ನೂ, ಮಗುವಿನ ಇಷ್ಟವನ್ನೂ ಲೆಕ್ಕಕ್ಕೆ ತಗೊಳ್ಳಲೇಬೇಕು ಅಂದಿತ್ತು. ನಾವು ಅದನ್ನೇ ಹಿಡಿದು ಹೋದೆವು. ಜೊತೆಗೆ ಅದೇ 1890ರ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಮಧ್ಯಂತರ ಆದೇಶ ಕೇಳಿದೆವು. ಅದು ಬೇಗ ಸಿಕ್ಕಿತು. ಹಿರಿಯರ ಪಂಚಾಯ್ತಿ ಅಲ್ಲಿಗೆ ನಿಂತಿತು.

ನೋಟಿಸಿನ ವಿಷಯ ಚಿಕ್ಕದಾದರೂ ಹೇಳಲೇಬೇಕು. ಜೈಲಿನಲ್ಲಿರುವವನಿಗೆ ಮನೆ ವಿಳಾಸಕ್ಕೆ ನೋಟಿಸು ಕಳಿಸಿ ಪ್ರಯೋಜನವಿಲ್ಲ. ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) 5ನೇ ಆದೇಶ, 24ನೇ ನಿಯಮದ ಪ್ರಕಾರ ಅದು ಜೈಲಿನ ಅಧಿಕಾರಿಯ ಮೂಲಕ ಹೋಗಬೇಕು. ಅವನು ಇದ್ದದ್ದು ಧಾರವಾಡ ಕೇಂದ್ರ ಕಾರಾಗೃಹದಲ್ಲಿ. ಅವನ ಕೈದಿ ನಂಬರು ಸಮೇತ ವಿಳಾಸ ಕೊಟ್ಟೆವು, ಸಹಿಯಾಗಿ ವಾಪಸ್ ಬಂತು. ಅವನ ಅಪ್ಪ-ಅಮ್ಮನನ್ನೂ ಪ್ರತಿವಾದಿ ಮಾಡಿದೆವು. ನಾಳೆ 'ನಮಗೆ ಗೊತ್ತೇ ಇರಲಿಲ್ಲ' ಅಂತ ಅವರು ಎದ್ದು ಬರಬಾರದಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಕ್ರಿಮಿನಲ್ ಕೇಸಿನ ಕಾಗದವಲ್ಲ. ಎಫ್‌ಐಆರ್, ಚಾರ್ಜ್‌ಶೀಟ್, ಮರಣ ಪತ್ರ ಹೇಗೂ ಬೇಕು. ಆದರೆ ಇಂಥ ಕೇಸಿನಲ್ಲಿ ಜಡ್ಜ್ ನೋಡುವುದು ಮಗುವಿನ ಹಿತ. ಅವನು ಎಷ್ಟು ಕೆಟ್ಟವನು ಅಂತ ಪುಟಗಟ್ಟಲೆ ಬರೆದರೂ ನಮ್ಮ ಮನೆಯಲ್ಲಿ ಮಗು ಚೆನ್ನಾಗಿದೆ ಅಂತ ಸಾಬೀತಾಗುವುದಿಲ್ಲ. ಅಂಗನವಾಡಿಯ ತಾಯಿ ಕಾರ್ಡು, ಶಾಲೆಯ ಹಾಜರಿ, ಪಾಲಕರ ಸಭೆಯ ಪುಸ್ತಕದಲ್ಲಿ ನನ್ನ ಸಹಿ, ಉಬ್ಬಸ ಬಂದಾಗ ಡಾಕ್ಟರು ಬರೆದುಕೊಟ್ಟ ಚೀಟಿಗಳು, ನನ್ನ ಹೊಲಿಗೆಯ ಲೆಕ್ಕದ ಪುಸ್ತಕ. ಇವನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಕೊಟ್ಟೆ. ಜಡ್ಜ್ ಎಫ್‌ಐಆರ್ ಬೇಗ ಬೇಗ ತಿರುವಿದರು. ಉಬ್ಬಸದ ಚೀಟಿಗಳ ಹತ್ತಿರ ಮಾತ್ರ ನಿಂತು, 'ಇನ್‌ಹೇಲರ್ ಎಷ್ಟು ಹೊತ್ತಿಗೆ ಕೊಡ್ತೀರಿ?' ಅಂತ ಕೇಳಿದರು.

ಪಾಟಿ ಸವಾಲು ಕಷ್ಟದ್ದೇ. 'ತಂಗಿಯ ಬಂಗಾರದ ಆಸೆಗೆ ನೀವು ಮಗುವನ್ನು ಇಟ್ಟುಕೊಂಡಿದ್ದೀರಿ ಎಂದರೆ ಸರಿಯೇ?' ಅಂತ ಅವನ ವಕೀಲರು ಕೇಳಿದರು. ಮೈ ಉರಿಯಿತು. ಇಂಥಲ್ಲಿ ಕೂಗಾಡಬಾರದು. ಮದುವೆಯಾಗಿ 7 ವರ್ಷದೊಳಗೆ ಹೆಂಗಸು ಅಸಹಜವಾಗಿ ಸತ್ತರೆ ವರದಕ್ಷಿಣೆಯಾಗಿ ಕೊಟ್ಟ ಒಡವೆ-ಹಣ ಅವಳ ಮಕ್ಕಳಿಗೇ ಸೇರಬೇಕು ಅಂತ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. 'ಬಂಗಾರ ಮಗುವಿನದು, ಪಟ್ಟಿ ಕೋರ್ಟಿನಲ್ಲೇ ಇದೆ, ಅವಳ ಹೆಸರಲ್ಲೇ ಇಡಿ ಅಂತ ನಾನೇ ಕೇಳಿದ್ದೇನೆ' ಅಂದೆ. ಕೋರ್ಟಿನ ಟೈಪಿಸ್ಟ್ 'ಎಂದರೆ ಸರಿಯಲ್ಲ' ಅಂತ, ಅಂದರೆ ಆ ಮಾತನ್ನು ನಾನು ಒಪ್ಪಲಿಲ್ಲ ಅಂತ, ಟೈಪ್ ಮಾಡಿಕೊಂಡರು. ಮುಂದಿನ ಪ್ರಶ್ನೆ ಬಂತು.

ಅವನು ಜೈಲಿನಿಂದ ವಿಡಿಯೋದಲ್ಲೇ ಹಾಜರಾದ. ಸಣ್ಣ ಪರದೆ, ಅರ್ಧ ಮುಖ. 'ಮಗಳನ್ನು ನಮ್ಮಪ್ಪ-ಅಮ್ಮನ ಹತ್ರ ಬಿಡಿ' ಅಂದ. ಮಗು ಯಾವ ತರಗತಿ ಅಂತ ಜಡ್ಜ್ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಅವನ ತಂದೆಗೂ ಗೊತ್ತಿರಲಿಲ್ಲ.

ಮಗುವನ್ನು ಜಡ್ಜ್ ತಮ್ಮ ಚೇಂಬರಿಗೆ ಒಬ್ಬಳನ್ನೇ ಕರೆಸಿದರು. ಅಷ್ಟು ಹೊತ್ತಿಗೆ ಏಳು ತುಂಬಿತ್ತು. ಹೀಗೆ ಹೇಳು, ಹಾಗೆ ಹೇಳು ಅಂತ ನಾವು ಕಲಿಸಿರಲಿಲ್ಲ, ಯಾರೂ ಕಲಿಸಬಾರದು. ಕಲಿಸಿದ್ದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹೊರಗೆ ಬಂದವಳು ತಾನೇ ಹೇಳಿದಳು. 'ರಾತ್ರಿ ಯಾರ ಹತ್ರ ಮಲಗ್ತೀಯಾ ಅಂದ್ರು. ದೊಡ್ಡವ್ವನ ಬಾಜೂ ಅಂದೆ. ಅಕ್ಕ ನಿದ್ದಿಯೊಳಗ ಒದೀತಾಳ ಅಂತಾನೂ ಹೇಳಿದೆ.' ನನ್ನ ಮಗಳು ಆ ಮಾತಿಗೆ ಸಂಜೆ ತನಕ ಮುನಿಸಿಕೊಂಡಿದ್ದಳು.

ನಮ್ಮ ಅರ್ಜಿ ನಡೆಯುತ್ತಿರುವಾಗಲೇ ಸೆಷನ್ಸ್ ಕೋರ್ಟು ಅವನಿಗೆ ಶಿಕ್ಷೆ ಕೊಟ್ಟಿತು. ತೀರ್ಪಿನ ದೃಢೀಕೃತ ಪ್ರತಿಯನ್ನು ಇಲ್ಲಿಗೂ ಹಾಜರುಪಡಿಸಿದೆವು. ಕೊನೆಗೆ ಬಂದ ಆದೇಶದಲ್ಲಿ ನಾವು ಕೇಳಿದ್ದು ಸಿಕ್ಕಿತು: ತಂದೆ ಅನರ್ಹ, ನಾನು ಗಾರ್ಡಿಯನ್, ಮಗು ನನ್ನ ಹತ್ತಿರ. ಅವನು ಪತ್ರ ಬರೆಯಬಹುದು, ಅಜ್ಜ-ಅಜ್ಜಿ ತಿಂಗಳಿಗೊಮ್ಮೆ ನಮ್ಮೂರಿಗೆ ಬಂದು ನೋಡಬಹುದು ಅಂತಲೂ ಇದೆ. ನಮ್ಮಮ್ಮನಿಗೆ ಇದು ಸರಿಬರಲಿಲ್ಲ. ನನಗೆ ತಪ್ಪು ಅನ್ನಿಸುವುದಿಲ್ಲ. ಆ ಅಜ್ಜಿ ಬಂದಾಗ ಮಂಡಕ್ಕಿ ಉಂಡೆ ತರುತ್ತಾಳೆ, ಮಗು ತಿನ್ನುತ್ತದೆ, ಅಷ್ಟೇ. ಜನನ ಪ್ರಮಾಣಪತ್ರದಲ್ಲಿ ಅವನ ಹೆಸರು ಹಾಗೇ ಇದೆ. ಅದನ್ನು ತೆಗೆಸುವುದು ನನ್ನ ಅರ್ಜಿಯಲ್ಲಿ ಇರಲೇ ಇಲ್ಲ.

ಇನ್ನೊಂದು ಮಾತು. ಫ್ಯಾಮಿಲಿ ಕೋರ್ಟಿನ ಈ ಆದೇಶ ಮಗುವಿಗೆ ಮಾತ್ರ, ಅವಳ ಆಸ್ತಿಗಲ್ಲ. ಆಸ್ತಿಯ ಗಾರ್ಡಿಯನ್ ಆಗಲು ಜಿಲ್ಲಾ ನ್ಯಾಯಾಲಯದಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಅದು ಸಿಕ್ಕ ಮೇಲೂ ಮಗುವಿನ ಜಮೀನು ಮಾರಲು, ಅಡ ಇಡಲು ಕೋರ್ಟಿನ ಅನುಮತಿ ಬೇಕು. ತಂಗಿಯ ಹೆಸರಲ್ಲಿ ಒಂದು ಸೈಟಿತ್ತು, ಹಾಗಾಗಿ ಆ ಅರ್ಜಿಯನ್ನೂ ಹಾಕಿದ್ದೇವೆ, ಇನ್ನೂ ನಡೆಯುತ್ತಿದೆ. ಶಿಕ್ಷೆಯ ವಿರುದ್ಧ ಅವನು ಹೈಕೋರ್ಟಿನ ಧಾರವಾಡ ಪೀಠಕ್ಕೆ ಅಪೀಲು ಹೋಗಿದ್ದಾನೆ. ಬ್ಯಾಂಕಿನಲ್ಲಿ ಖಾತೆ ಆಯಿತು. ಆದೇಶದ ದೃಢೀಕೃತ ಪ್ರತಿಗಳನ್ನು ಒಟ್ಟಿಗೇ ಜಾಸ್ತಿ ತೆಗೆಸಿಟ್ಟುಕೊಂಡೆ. ಒಂದನ್ನು ಶಾಲೆಯ ಹೆಡ್‌ಮಾಸ್ತರರಿಗೆ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು ಬಂದಿದ್ದೇನೆ.