ಕಾಫಿ ಲೋಟ, ಎಣ್ಣೆ ಸೌಟು, 13 ಕಿಲೋ: ನನ್ನ ಅನುಭವ

ನಾನು ಎರಡು ಸಲ ತೂಕ ಇಳಿಸಿದ್ದೇನೆ. 2019ರಲ್ಲಿ 7 ವಾರಕ್ಕೆ 10 ಕಿಲೋ. ಆಮೇಲೆ 2021ರ ನವೆಂಬರಿನಿಂದ 18 ತಿಂಗಳಲ್ಲಿ 13 ಕಿಲೋ. ಮೊದಲನೆಯದನ್ನು ಕಂಡು ನೆಂಟರಿಷ್ಟರೆಲ್ಲ ಹೊಗಳಿದರು. ಎರಡನೆಯದು ಬಹಳ ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಹೊಗಳಿಕೆ ಸಿಕ್ಕ ಆ ಮೊದಲನೇ ಸಲದ ಕೊನೆಗೆ ನನಗೆ ಆಪರೇಷನ್ ಆಯಿತು. ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನ ನಾಪೋಕ್ಲು ಕಡೆ ನಮ್ಮದೊಂದು ಚಿಕ್ಕ ಕಾಫಿ ತೋಟ, ಜೊತೆಗೆ ಮೂರು ಕೋಣೆಯ ಹೋಂಸ್ಟೇ. ಅಡುಗೆ ನನ್ನದೇ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಪ್ರವಾಸಿಗರು ಬರುವುದು ನಿಂತಿತು. ಓಡಾಟವಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ, ತಿನ್ನುವುದು ಮಾತ್ರ ಹೆಚ್ಚಾಯಿತು. ಆ ವರ್ಷ ಮುಗಿಯುವ ಹೊತ್ತಿಗೆ 156 ಸೆಂಟಿಮೀಟರ್ ಎತ್ತರದ ನಾನು 78 ಕಿಲೋ ಇದ್ದೆ.

ಪರಿಚಯದವರೊಬ್ಬರು ಒಂದು ಪೌಡರ್ ಡಬ್ಬಿ ತಂದುಕೊಟ್ಟರು. ಬೆಳಿಗ್ಗೆ, ರಾತ್ರಿ ಅದನ್ನೇ ಕಲಸಿ ಕುಡಿಯಬೇಕು, ಮಧ್ಯಾಹ್ನ ಸೌತೆಕಾಯಿ ಮತ್ತು ಒಂದು ಹಿಡಿ ಅನ್ನ. ಈಗ ಲೆಕ್ಕ ಹಾಕಿ ನೋಡಿದರೆ ದಿನಕ್ಕೆ 650 ಕ್ಯಾಲರಿ ದಾಟುತ್ತಿರಲಿಲ್ಲ. ದಿನಕ್ಕೆ 800 ಕ್ಯಾಲರಿಗಿಂತ ಕೆಳಗಿನ ಆಹಾರವನ್ನು ವೈದ್ಯರ ನಿಗಾದಲ್ಲಿ ಮಾತ್ರ ಮಾಡಬೇಕು ಅನ್ನುವುದು ನನಗಾಗಲಿ, ಡಬ್ಬಿ ತಂದವರಿಗಾಗಲಿ ಗೊತ್ತಿರಲಿಲ್ಲ. ಮೊದಲ ವಾರವೇ ಮೂರೂವರೆ ಕಿಲೋ ಇಳಿದೆ. ಅದರಲ್ಲಿ ಬಹುಪಾಲು ನೀರು. ದೇಹ ಗ್ಲೈಕೋಜನ್ ಅನ್ನುವ ಸಕ್ಕರೆಯನ್ನು ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟಿರುತ್ತದೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅನ್ನ ನಿಲ್ಲಿಸಿದರೆ ಆ ದಾಸ್ತಾನು ಖಾಲಿಯಾಗಿ ನೀರೂ ಹೊರಗೆ ಹೋಗುತ್ತದೆ. ನಾನು ಅದನ್ನು ಕೊಬ್ಬು ಅಂದುಕೊಂಡು ಸಂತೋಷಪಟ್ಟೆ.

ಮೇ ತಿಂಗಳಲ್ಲಿ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಹಠಾತ್ತನೆ ಊಟ ಬಿಟ್ಟ ಪರಿಣಾಮ ಎರಡು ಮೂರು ತಿಂಗಳು ಕಳೆದ ಮೇಲೆ ಕೂದಲಿನಲ್ಲಿ ಕಾಣಿಸುತ್ತದಂತೆ, ಹಾಗಾಗಿ ಎಷ್ಟೋ ಜನ ಎರಡಕ್ಕೂ ಸಂಬಂಧ ಕಲ್ಪಿಸುವುದಿಲ್ಲ. ಜೂನ್‌ನಲ್ಲಿ ಒಂದು ರಾತ್ರಿ ಊಟವಾಗಿ ಒಂದು ಗಂಟೆಯೂ ಆಗಿರಲಿಲ್ಲ, ಬಲ ಪಕ್ಕೆಯ ಕೆಳಗೆ ಹಿಡಿದ ನೋವು ಬೆನ್ನಿನವರೆಗೆ ಏರಿತು. ಸುರಿಯುವ ಮಳೆಯಲ್ಲಿ ಮಡಿಕೇರಿಗೆ ಹೋದೆವು. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ತುಂಬ ಕಲ್ಲು ಕಂಡವು. ವೇಗವಾಗಿ ತೂಕ ಇಳಿಯುವಾಗ ಕರಗಿದ ಕೊಬ್ಬಿನಿಂದ ಹೆಚ್ಚುವರಿ ಕೊಲೆಸ್ಟ್ರಾಲ್ ಪಿತ್ತರಸಕ್ಕೆ ಸೇರುತ್ತದೆ. ಊಟದಲ್ಲಿ ಎಣ್ಣೆ, ತುಪ್ಪವೇ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಹಿಂಡಿ ಖಾಲಿಯಾಗುವುದಿಲ್ಲ. ನಿಂತ ಪಿತ್ತದಲ್ಲಿ ಕಲ್ಲು ಕಟ್ಟುತ್ತದೆ. ಇದೊಂದೇ ಕಾರಣ ಎಂದು ವೈದ್ಯರು ಹೇಳಲಿಲ್ಲ. ನಲವತ್ತು ದಾಟಿದ ಹೆಂಗಸು, ಮೊದಲೇ ತೂಕ ಹೆಚ್ಚು, ಇವೂ ಸೇರುತ್ತವೆ. ಆದರೆ ಆ 7 ವಾರಗಳ ಕಥೆ ಕೇಳಿ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ದು ನೆನಪಿದೆ. ಪಿತ್ತಕೋಶ ತೆಗೆಸಿದೆವು. 2020 ಮುಗಿಯುವಷ್ಟರಲ್ಲಿ ತೂಕ 79ಕ್ಕೆ ವಾಪಸು ಬಂದಿತ್ತು. ಹೋಗಿದ್ದು ಕೊಬ್ಬಿನ ಜೊತೆ ಸ್ನಾಯುವೂ, ತಿರುಗಿ ಬಂದದ್ದು ಹೆಚ್ಚಾಗಿ ಕೊಬ್ಬು. ಮೊದಲು ಒಬ್ಬಳೇ ಎತ್ತುತ್ತಿದ್ದ ಅಕ್ಕಿ ಚೀಲ ಆಗ ಎತ್ತಲಾಗಲಿಲ್ಲ.

ಎರಡನೇ ಸಲ ಮೈಸೂರಿನಲ್ಲಿ ಒಬ್ಬರು ಆಹಾರ ತಜ್ಞೆಯನ್ನು ಕಂಡೆ. ಅವರು ಚೀಟಿ ಬರೆಯಲಿಲ್ಲ. "ಒಂದು ವಾರ ಏನೂ ಬದಲಾಯಿಸಬೇಡಿ, ಬಾಯಿಗೆ ಹೋಗುವುದನ್ನೆಲ್ಲ ಬರೆದು ತನ್ನಿ. ಅಡುಗೆ ಮಾಡುವಾಗ ರುಚಿ ನೋಡುವುದನ್ನೂ ಬರೀರಿ," ಅಂದರು. ಅಡುಗೆಮನೆಯಲ್ಲಿ ಕೇಕಿಗೆಂದು ತಂದಿದ್ದ ಪುಟ್ಟ ತಕ್ಕಡಿ ಇತ್ತು. ಅಳೆದೆ, ಬರೆದೆ.

ನನ್ನ ಅನುಮಾನವೆಲ್ಲ ಕಡುಬಿನ ಮೇಲಿತ್ತು. ಕಾಲು ಕಿಲೋ ಅಕ್ಕಿ ತರಿಯಲ್ಲಿ ನನಗೆ ಹತ್ತು ಕಡುಬು ಬರುತ್ತದೆ. 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲರಿ, ಅಂದರೆ ಒಂದು ಕಡುಬಿಗೆ 90ರ ಆಸುಪಾಸು. ಆವಿಯಲ್ಲಿ ಬೇಯುವ ತಿಂಡಿ, ಎಣ್ಣೆಯಿಲ್ಲ. ಬೆಳಿಗ್ಗೆ ಮೂರು ತಿಂದರೂ 270. ನಮ್ಮ ಬೇರೆ ಅಕ್ಕಿ ತಿಂಡಿಗಳಾದ ನೂಪುಟ್ಟು, ಪಾಪುಟ್ಟಿನ ಲೆಕ್ಕವೂ ಹೆಚ್ಚುಕಡಿಮೆ ಹೀಗೇ, ಪಾಪುಟ್ಟಿಗೆ ತೆಂಗಿನಕಾಯಿ ಮಾತ್ರ ಸೇರಿಸಿಕೊಳ್ಳಬೇಕು.

ತಪ್ಪು ಇದ್ದದ್ದು ಕಾಫಿಯಲ್ಲಿ. ದಿನಕ್ಕೆ ಐದು ಲೋಟ. ಒಂದೊಂದಕ್ಕೂ 100 ಮಿಲಿ ಗಟ್ಟಿ ಹಾಲು, ಎರಡು ಚಮಚ ಬೆಲ್ಲ. ಹಾಲಿನದು 65, ಬೆಲ್ಲದ್ದು 38. ಐದು ಲೋಟಕ್ಕೆ 500 ಮೀರುತ್ತದೆ. ಬೆಲ್ಲ ಸಕ್ಕರೆಯಂತಲ್ಲ, ಮೈಗೆ ಹತ್ತುವುದಿಲ್ಲ ಎಂಬ ನಂಬಿಕೆಯಲ್ಲೇ ನಾನು ಬೆಳೆದವಳು. ಕ್ಯಾಲರಿಯ ಮಟ್ಟಿಗೆ ಎರಡೂ ಬಹುತೇಕ ಒಂದೇ. ಆಮೇಲೆ ಎಣ್ಣೆ. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಮುಗಿಯುತ್ತಿತ್ತು. ಒಬ್ಬರ ಪಾಲಿಗೆ ದಿನಕ್ಕೆ 30 ಗ್ರಾಂ. ಅಕ್ಕಿಯ ಪಿಷ್ಟಕ್ಕೆ, ಪ್ರೋಟೀನಿಗೆ ಗ್ರಾಮಿಗೆ 4 ಕ್ಯಾಲರಿಯಾದರೆ ಎಣ್ಣೆ, ತುಪ್ಪ, ಹಂದಿಯ ನೆಣ ಯಾವುದೇ ಆದರೂ ಗ್ರಾಮಿಗೆ 9. ಸೌಟು ಬಗ್ಗಿಸಿ ಸುರಿಯುವ ನನ್ನ ಕೈಗೆ ಈ 9ರ ಅಂದಾಜೇ ಇರಲಿಲ್ಲ.

ದೇಹ ಸುಮ್ಮನೆ ಮಲಗಿದ್ದರೂ ನನಗೆ ಆಗ ದಿನಕ್ಕೆ ಸುಮಾರು 1,380 ಕ್ಯಾಲರಿ ಬೇಕಿತ್ತು, ಮನೆಗೆಲಸ, ಓಡಾಟ ಸೇರಿ 1,900 ಚಿಲ್ಲರೆ. ತಜ್ಞೆ ನನಗೆ 1,500 ಹಾಕಿಕೊಟ್ಟರು. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ. ದಿನಕ್ಕೆ 400ರಿಂದ 500 ಕೊರತೆ ಮಾಡಿಕೊಂಡರೆ ವಾರಕ್ಕೆ ಅರ್ಧ ಕಿಲೋದ ಒಳಗೆ ಇಳಿಯಬೇಕು. "ಅಷ್ಟೇ ಸಾಕು, 1,200ಕ್ಕಿಂತ ಕೆಳಗೆ ನೀವಾಗಿ ಹೋಗಬೇಡಿ," ಅಂದರು.

ಕೊರತೆ ಎಲ್ಲಿಂದ ಬರಬೇಕು ಅನ್ನುವುದು ನಾನು ಬರೆದಿಟ್ಟ ಲೆಕ್ಕ ನೋಡಿದಾಗಲೇ ಗೊತ್ತಾಗಿತ್ತು. ಐದು ಲೋಟ ಹಾಲಿನ ಕಾಫಿ ಎರಡಕ್ಕೆ ಇಳಿಯಿತು, ಬೆಲ್ಲ ಅರ್ಧ ಚಮಚಕ್ಕೆ. ಇನ್ನೊಂದೆರಡು ಬೇಕೆನಿಸಿದರೆ ಹಾಲು, ಬೆಲ್ಲ ಎರಡೂ ಇಲ್ಲದ ಕಪ್ಪು ಕಾಫಿ, ಅದರಲ್ಲಿ ಕ್ಯಾಲರಿ ಇಲ್ಲವೆನ್ನುವಷ್ಟು ಕಡಿಮೆ. ಒಮ್ಮೆಲೇ ಬಿಟ್ಟಿದ್ದರೆ ತಲೆನೋವು ಬಂದು ಸೋಲುತ್ತಿದ್ದೆ, ಆರು ವಾರ ತೆಗೆದುಕೊಂಡೆ. ಎಣ್ಣೆ ಎರಡೂವರೆ ಲೀಟರ್‌ಗೆ ಬಂತು. ಬಾಟಲಿಯಿಂದ ಸುರಿಯುವುದು ಬಿಟ್ಟು ಚಮಚದಲ್ಲಿ ಅಳೆದದ್ದಷ್ಟೇ ಬದಲಾವಣೆ, ಮನೆಯವರಿಗೆ ರುಚಿಯಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಈ ಎರಡರಿಂದಲೇ ಸುಮಾರು 450 ಕ್ಯಾಲರಿ ಕಡಿಮೆಯಾಯಿತು. ಕಡುಬು ತಟ್ಟೆಯಲ್ಲೇ ಉಳಿಯಿತು.

ಕಾಫಿಯಿಂದ ಇನ್ನೊಂದು ತೊಂದರೆಯೂ ಇತ್ತು. ನನ್ನ ಹಿಮೋಗ್ಲೋಬಿನ್ 9.8 ಇತ್ತು. ನಮ್ಮಲ್ಲಿ ತಿಂಡಿಯ ಜೊತೆಗೇ ಕಾಫಿ. ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಕಾಫಿ, ಟೀ ಎರಡೂ ತಡೆಯುತ್ತವೆ. ಕಬ್ಬಿಣದ ಮಾತ್ರೆಯನ್ನೂ ನಾನು ಕಾಫಿಯಲ್ಲೇ ನುಂಗುತ್ತಿದ್ದೆ! ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಟ್ಟೆ, ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡೆ, ಚಳಿಗಾಲದಲ್ಲಿ ತೋಟದ ಕಿತ್ತಳೆ ತಿಂದೆ. ಊಟ ಕಡಿಮೆ ಮಾಡುವಾಗ ಕ್ಯಾಲರಿಯ ಜೊತೆ ಕಬ್ಬಿಣ, ಕ್ಯಾಲ್ಸಿಯಂ ಎಲ್ಲವೂ ಕಡಿಮೆಯಾಗುತ್ತವೆ. ಮುಟ್ಟು ನಿಲ್ಲದ ಹೆಂಗಸರು ಡಯಟ್ ಶುರುಮಾಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಪ್ರೋಟೀನ್ ವಿಷಯದಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡೆ, ಅಕ್ಕಿ ಚೀಲದ ನೆನಪು ಇತ್ತಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ ಆರೋಗ್ಯವಂತ ದೊಡ್ಡವರಿಗೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್. ತೂಕ ಇಳಿಸುವಾಗ ಸ್ನಾಯು ಉಳಿಯಬೇಕಾದರೆ ಸ್ವಲ್ಪ ಜಾಸ್ತಿ ಇರಲಿ ಎಂದು ತಜ್ಞೆ ನನಗೆ 70 ಗ್ರಾಂ ಹೇಳಿದರು. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಮೊಳಕೆ ಹುರುಳಿಯ ಸಾರು, ಒಂದು ಬಟ್ಟಲು ಮೊಸರು, ರಾತ್ರಿ ಕೋಳಿ ಇಲ್ಲವೇ ಮೀನು. ಹಂದಿ ಮಾಂಸ ವಾರಕ್ಕೊಮ್ಮೆ. ನೆಣ ಹೆಚ್ಚಿರುವ ಹೊಟ್ಟೆ ಭಾಗದಲ್ಲಿ 100 ಗ್ರಾಂ ಹಸಿ ಮಾಂಸಕ್ಕೆ 500 ಕ್ಯಾಲರಿ ದಾಟುತ್ತದೆ, ನೆಣ ತೆಗೆದ ಸೊಂಟದ ಭಾಗದಲ್ಲಿ 150ರ ಹತ್ತಿರ. ನೆಣವಿಲ್ಲದೆ ಪಂದಿ ಕರಿ ಆಗುವುದೇ ಎಂದು ಅತ್ತೆ ಬೇಸರಪಟ್ಟರು. ಅವರ ಮಾತು ನಿಜ. ಹಾಗಾಗಿ ಪಾತ್ರೆಗೆ ನೆಣ ಸ್ವಲ್ಪ ಹಾಕಿ, ನನ್ನ ತಟ್ಟೆಗೆ ಕೆಂಪು ತುಂಡು ಆರಿಸಿಕೊಂಡೆ. ಮಳೆಗಾಲದಲ್ಲಿ ಬೈಂಬಳೆ ಕರಿ, ಅಂದರೆ ಕಳಲೆ ಪಲ್ಯ, ಬಹಳ ನೆರವಾಯಿತು. ಹೊಟ್ಟೆ ತುಂಬುತ್ತದೆ, ಕ್ಯಾಲರಿ ತೀರ ಕಡಿಮೆ. ಕಳಲೆ ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಹಾಕಿ, ಚೆನ್ನಾಗಿ ಬೇಯಿಸುವ ಹಿರಿಯರ ಕ್ರಮವನ್ನು ಮಾತ್ರ ಯಾರೂ ಬಿಡಬಾರದು. ಹಸಿ ಕಳಲೆಯಲ್ಲಿ ಸಯನೈಡ್ ಹೊರಡಿಸುವ ಅಂಶವಿದೆ.

ಇಲ್ಲಿ ನಮ್ಮ ಅಡುಗೆಯ ಕಪ್ಪು ಹುಳಿ ಕಾಚಂಪುಳಿಯ ಮಾತು ಹೇಳಲೇಬೇಕು. ಪ್ರತಿ ಮಳೆಗಾಲ ನಾವು ಉಪ್ಪಾಗೆ ಹಣ್ಣು ಆಯ್ದು, ಕುಕ್ಕೆಯಲ್ಲಿಟ್ಟು ರಸ ಇಳಿಸಿ, ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸುತ್ತೇವೆ. ಅದೇ ಹಣ್ಣಿನ ಸಿಪ್ಪೆಯ ಸಾರ ಗಾರ್ಸಿನಿಯಾ ಕಾಂಬೋಜಿಯಾ ಎಂಬ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ಮಾರಾಟವಾಗುತ್ತದೆ. ನನ್ನ ಬಳಿಗೂ ಬಂತು. "ನಿಮ್ಮ ಕಾಚಂಪುಳಿಯೇ ಅಲ್ವಾ ಅಕ್ಕಾ, ಏನೂ ಆಗೋದಿಲ್ಲ," ಅಂದರು ತಂದವರು. ತಜ್ಞೆಯನ್ನು ಕೇಳಿದೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗದ ಬಗ್ಗೆ ಹೇಳಿದರು. 135 ಜನ, 12 ವಾರ. ಕೆಲವರಿಗೆ ಇದರ ಸಾರ, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ. ಎರಡೂ ಗುಂಪಿನ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಇಂಥ ಮಾತ್ರೆ ನುಂಗಿದವರ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಇಡೀ ಪಾತ್ರೆ ಪಲ್ಯಕ್ಕೆ ಬೀಳುವ ಒಂದೆರಡು ಚಮಚ ಹುಳಿಗೂ, ಅದರ ಆಮ್ಲವನ್ನು ಮಾತ್ರ ಬೇರ್ಪಡಿಸಿ ದಿನಕ್ಕೆ ಮೂರು ಹೊತ್ತು ನುಂಗುವುದಕ್ಕೂ ಹೋಲಿಕೆಯಿಲ್ಲ. ನಮ್ಮ ಕಾಡಿನ ಹಣ್ಣಿನ ಹೆಸರು ಹೇಳಿ ನಮಗೇ ಅದನ್ನು ಮಾರಲು ಬಂದಾಗ ನನಗೆ ಬಹಳ ನೋವಾಯಿತು. ಕ್ಯಾಪ್ಸೂಲ್ ವಾಪಸು ಕಳಿಸಿದೆ.

ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ನಮ್ಮವರ ವಿಷಯದಲ್ಲಿ. ಅವರಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗುತ್ತಾರೆ. ನನ್ನನ್ನು ನೋಡಿ ತಾವೂ ಬೆಳಗಿನ ಕಡುಬನ್ನು ನಾಲ್ಕರಿಂದ ಒಂದಕ್ಕೆ ಇಳಿಸಿದರು, ಮಾತ್ರೆ ಮಾತ್ರ ಅಷ್ಟೇ. ಮೂರನೇ ದಿನ ಹನ್ನೊಂದು ಗಂಟೆಗೆ ತೋಟದಿಂದ ಕೆಲಸದ ಹುಡುಗ ಓಡಿಬಂದ. ಇವರು ಕಾಫಿ ಗಿಡದ ಬುಡದಲ್ಲಿ ಕೂತಿದ್ದರು, ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ರಕ್ತದ ಸಕ್ಕರೆ ನೋಡುವ ಮೀಟರಿನಲ್ಲಿ 58. ಎಚ್ಚರವಿದ್ದು ನುಂಗುವ ಸ್ಥಿತಿಯಲ್ಲಿದ್ದರು, ಹಾಗಾಗಿ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿದೆ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರೆ 84. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು. ವೈದ್ಯರು ಅವತ್ತೇ ಮಾತ್ರೆಯ ಪ್ರಮಾಣ ಇಳಿಸಿದರು. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು, ಬಿಪಿ ಮಾತ್ರೆಯವರು ತಟ್ಟೆ ಬದಲಿಸುವ ಮೊದಲೇ ವೈದ್ಯರನ್ನು ಕೇಳಬೇಕು. ಬಸುರಿಯರು, ಎದೆಹಾಲು ಕೊಡುವವರು, ಬೆಳೆಯುವ ಮಕ್ಕಳು ತಾವಾಗಿ ಡಯಟ್ ಮಾಡುವಂತೆಯೇ ಇಲ್ಲ.

ಮಕ್ಕಳು ಅಂದಾಗ ನನ್ನ ಮಗಳು. ಆಗ ಅವಳಿಗೆ ಹದಿನಾರು. ಅಡುಗೆಮನೆಯಲ್ಲಿ ನಾನು ತೂಗಿ ಬರೆಯುವುದನ್ನು ದಿನವೂ ನೋಡುತ್ತಿದ್ದಳು. ಒಂದು ದಿನ ಅವಳ ಟಿಫಿನ್ ಡಬ್ಬಿ ತುಂಬಿದ ಹಾಗೇ ವಾಪಸು ಬಂತು, ಮರುದಿನವೂ. ಕೇಳಿದರೆ, "ನೀವೂ ಕಡಿಮೆ ತಿಂತೀರಲ್ಲ ಅಮ್ಮ," ಅಂದಳು. ಅವಳು ಮೊದಲೇ ತೆಳ್ಳಗಿನ ಹುಡುಗಿ. ಅವತ್ತೇ ಪುಸ್ತಕ ಮುಚ್ಚಿಟ್ಟೆ, ತೂಕದ ಯಂತ್ರವನ್ನು ಬೀರುವಿನೊಳಗೆ ಇಟ್ಟೆ. ಅಷ್ಟು ಹೊತ್ತಿಗೆ ನಾಲ್ಕು ತಿಂಗಳಾಗಿತ್ತು, ಕಣ್ಣಂದಾಜು ಬಂದಿತ್ತು. ನನ್ನ ದೇಹದ ಬಗ್ಗೆ ಅವಳೆದುರು ಕೆಟ್ಟ ಮಾತು ಆಡುವುದನ್ನೂ ನಿಲ್ಲಿಸಿದೆ. ಅವಳು ಮತ್ತೆ ಸರಿಯಾಗಿ ಉಣ್ಣಲು ತಿಂಗಳು ಹಿಡಿಯಿತು.

ತೂಕ ಒಂದೇ ಸಮ ಇಳಿಯಲಿಲ್ಲ. ಮೊದಲ ನಾಲ್ಕು ತಿಂಗಳಲ್ಲಿ 6 ಕಿಲೋ, ಆಮೇಲೆ ನಿಧಾನ. ಕೈಲ್‌ಪೊಳ್ದ್, ಪುತ್ತರಿ ಹಬ್ಬದ ದಿನಗಳಲ್ಲಿ ಲೆಕ್ಕ ಇಡಲಿಲ್ಲ, ತಂಬುಟ್ಟು ತುಪ್ಪದ ಜೊತೆಗೇ ತಿಂದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಜಿಗಣೆಯಲ್ಲಿ ನಡೆಯಲು ಹೋಗುವುದಾಗದೆ ಜಗಲಿಯಲ್ಲೇ ಕೂತೇಳುವುದು, ಅರ್ಧ ಚೀಲ ಅಕ್ಕಿ ಎತ್ತಿಳಿಸುವುದು ಮಾಡಿದೆ. 66ಕ್ಕೆ ಬಂದು ತೂಕ ನಿಂತಿತು. ಚಿಕ್ಕದಾದ ದೇಹಕ್ಕೆ ಖರ್ಚೂ ಕಡಿಮೆ. ನನ್ನ ದಿನದ ಖರ್ಚು ಆಗ 1,700ರ ಹತ್ತಿರಕ್ಕೆ ಬಂದಿತ್ತು, 1,500 ತಿಂದರೂ ಮೊದಲಿನಷ್ಟು ಕೊರತೆ ಬೀಳುತ್ತಿರಲಿಲ್ಲ. ಇನ್ನೂ ಕಡಿಮೆ ತಿನ್ನಲೇ ಎಂದು ಕೇಳಿದೆ. ತಜ್ಞೆ ಬೇಡವೆಂದರು. ನಮ್ಮ ದೇಶದವರಿಗೆ ಹಾಕಿರುವ ಅಳತೆಯಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 25 ದಾಟಿದರೆ ಬೊಜ್ಜು, ನನ್ನದು ಈಗಲೂ 27. ಆದರೆ ಸೊಂಟ 98 ಸೆಂಟಿಮೀಟರಿನಿಂದ 86ಕ್ಕೆ ಬಂದಿದೆ, ಹಿಮೋಗ್ಲೋಬಿನ್ 12.1 ಇದೆ. ಎರಡು ವರ್ಷವಾಯಿತು, 65ಕ್ಕೂ 67ಕ್ಕೂ ನಡುವೆಯೇ ಇದ್ದೇನೆ. ಹೋದ ವಾರ ಡಿಪೋದಿಂದ ಬಂದ 25 ಕಿಲೋ ಅಕ್ಕಿ ಚೀಲವನ್ನು ಜೀಪಿನಿಂದ ನಾನೇ ಇಳಿಸಿ ಒಳಗೆ ತಂದೆ.