ಸೇವಂತಿಗೆಗೆ ರಾತ್ರಿ ಬಲ್ಬ್: ನನ್ನ ಅನುಭವ

ನಮ್ಮದು ದೊಡ್ಡಬಳ್ಳಾಪುರದ ಹತ್ರ, 20 ಗುಂಟೆ ಸೇವಂತಿಗೆ. ರಾತ್ರಿ ಉದ್ದ ಇದ್ರೆ ಈ ಗಿಡ ಮೊಗ್ಗು ಹಿಡಿಯುತ್ತೆ, ರಾತ್ರಿ ಬೆಳಕು ಬಿದ್ರೆ ಮೊಗ್ಗು ಬಿಡದೆ ಬರೀ ಬೆಳೆಯುತ್ತೆ, ಬಲ್ಬ್ ಹಾಕೋದು ಅದಕ್ಕೇ. ಬಲ್ಬ್ ಎಳೆದ ದಿನವೇ ಚಿಕ್ಕಪ್ಪ "ಏನ್ಲಾ, ಹೊಲದಾಗೆ ಜಾತ್ರೆನಾ?" ಅಂತ ನಕ್ಕಿದ್ರು, ಎರಡು ಬೆಳೆ ಅವರ ಮಾತೇ ಗೆದ್ದಿತು ಬಿಡಿ.

ಮೊದಲನೇ ದಡ್ಡತನ, ವಿಡಿಯೋ ನೋಡಿ ಕಪ್ಪು ಟಾರ್ಪಾಲ್ ತಂದಿದ್ದು. ಹಾಲೆಂಡ್‌ನವರು ರಾತ್ರಿ ಉದ್ದ ಮಾಡೋಕೆ ಸಂಜೆ ಗಿಡ ಮುಚ್ತಾರೆ ಅಂತ ನಾನೂ ಮುಚ್ಚಿದೆ. ಅಲ್ಲಿ ಬೇಸಿಗೆ ಹಗಲು 16 ಗಂಟೆ ಮೀರುತ್ತೆ, ನಮ್ಮಲ್ಲಿ ಜೂನಲ್ಲೂ 13 ದಾಟಲ್ಲ, ಮುಚ್ಚೋದೇ ಬೇಕಿರಲಿಲ್ಲ. ಒಳಗೆ ಸೆಕೆಗೆ ಎಲೆ ಕೊಳೀತು, 18 ಸಾವಿರ ಹೋಯ್ತು, ಈಗ ಆ ಟಾರ್ಪಾಲ್ ರಾಗಿ ಮೆದೆ ಮೇಲಿದೆ. ನಮ್ಮ ಕಷ್ಟ ಉಲ್ಟಾ, ರಾತ್ರಿ ಉದ್ದ ಅಂತ ಗಿಡ ಗೇಣುದ್ದ ಇರೋವಾಗ್ಲೇ ಮೊಗ್ಗು ಹಿಡಿಯುತ್ತೆ.

ಹತ್ತಡಿಗೊಂದು 9 ವ್ಯಾಟ್ ಎಲ್‌ಇಡಿ, ಸುಮಾರು 220 ಬಲ್ಬ್, ವೈರು ಹೋಲ್ಡರು ಗೂಟ ಎಲ್ಲ ಸೇರಿ 40 ಸಾವಿರದ ಹತ್ರ. ರಾತ್ರಿ 10ರಿಂದ 2, ದಿನಕ್ಕೆ 8 ಯೂನಿಟ್. ಸಂಜೆ ಹಚ್ಚೋದಕ್ಕಿಂತ ನಡುರಾತ್ರಿ ಕತ್ತಲೆ ಮುರಿಯೋದೇ ಸಾಕು, ಅದನ್ನ ಯಾರೂ ನಂಬಲಿಲ್ಲ. ಎರಡನೇ ಬೆಳೇಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ವಾರ ಕರೆಂಟಿಲ್ಲ, ಮೊಣಕಾಲೆತ್ತರಕ್ಕೂ ಬರದ ಗಿಡದಲ್ಲಿ ಮೊಗ್ಗು, ಹೂ ಕಿತ್ತ ಕೂಲಿನೂ ಹುಟ್ಟಲಿಲ್ಲ. ಆಮೇಲೆ ಹಳೇ ಜನರೇಟರ್ ತಗೊಂಡೆ. ಅಗ್ಗದ ಟೈಮರ್ ಬೇಡ, ಕರೆಂಟ್ ಹೋದಷ್ಟು ಹೊತ್ತು ಹಿಂದೆ ಬೀಳುತ್ತೆ, ಬ್ಯಾಟರಿ ಇರೋದೇ ಹಾಕಿ.

ಮೂರನೇದು ಕೈಗೆ ಹತ್ತಿತು. ಏಪ್ರಿಲ್ ಕೊನೇಲಿ ಸಸಿ ನೆಟ್ಟು, ಒಂದು ನಲವತ್ತು ರಾತ್ರಿ ಬೆಳಕು ಕೊಟ್ಟು ಆರಿಸಿದ್ದಕ್ಕೆ ವರಮಹಾಲಕ್ಷ್ಮಿಗೆ ಸರಿಯಾಗಿ ಬಂತು, ಕೆಜಿ 200ರ ಮೇಲೇ ಹೋಯ್ತು. ಯಾವ ದಿನ ಆರಿಸ್ತೀನಿ, ಕುಡಿ ಯಾವಾಗ ಚಿವುಟ್ತೀನಿ ಅಂತ ಮಾತ್ರ ಕೇಳ್ಬೇಡಿ, ಅದಕ್ಕೆ ನಾನು ದುಡ್ಡು ಸುರಿದಿದ್ದೀನಿ!

ಒಂದು ತಮಾಷೆ, ಎಲ್ಲ ಕಡೆ ಮೊಗ್ಗು ಬಂದ್ರೂ ಬೇಲಿ ಪಕ್ಕದ ಮೂರು ಸಾಲು ಬರೀ ಎಲೆ. ನೀರು, ಗೊಬ್ಬರ ಎಲ್ಲ ಬೈದಾಯ್ತು, ಕೊನೆಗೆ ನೋಡಿದ್ರೆ ಪಕ್ಕದ ಕೊಟ್ಟಿಗೆ ದೀಪ ಇಡೀ ರಾತ್ರಿ ಆ ಸಾಲಿಗೇ ಬೀಳ್ತಿತ್ತು. ಈಗ ಅದಕ್ಕೊಂದು ತಗಡು ಅಡ್ಡ ಕಟ್ಟಿದ್ದೀನಿ, ಬದಲಿಗೆ ಹಬ್ಬಕ್ಕೆ ಅವರಿಗೆ ಎರಡು ಕೆಜಿ ಹೂ.

ಹತ್ತು ನಿಮಿಷ ಉರಿಸಿ ಇಪ್ಪತ್ತು ನಿಮಿಷ ಆರಿಸೋದೂ ಐದು ಗುಂಟೇಲಿ ನೋಡ್ದೆ. ಬಿಲ್ಲು ಮೂರನೇ ಒಂದು ಭಾಗಕ್ಕೆ ಇಳೀತು, ಹಳದಿ ಸೇವಂತಿಗೆ ಮೊಗ್ಗಿಡದೆ ಸುಮ್ಮನಿತ್ತು, ಬಿಳಿ ಮಾತ್ರ ಅಲ್ಲಲ್ಲಿ ಹೊತ್ತಿಗೆ ಮುಂಚೆ ಕಳ್ಳ ಮೊಗ್ಗು ಇಟ್ಟಿತು. ಚೆಂಡು ಹೂವಿಗೂ ಒಂದು ಸಾಲು ಬಲ್ಬ್ ಬಿಟ್ಟಿದ್ದೆ, ಆಳೆತ್ತರ ಬೆಳೆದು ಮಳೆಗೆ ಮಲಗಿಬಿಡ್ತು.